ಕಣ್ಣೊಳಗಿನ ದಾರ

ಹಾಸನದ ಕಣ್ಣಾಸ್ಪತ್ರೆಯಲ್ಲಿ ಇವತ್ತು ಬೆಳಿಗ್ಗೆ ನನ್ನ ಕಣ್ಣಿನ ಪೊರೆ ತೆಗೆದ ಡಾಕ್ಟರು, ಉಳಿದಿದ್ದ ಒಂದು ಹನಿಯನ್ನು ಕೈಗವಸಿನ ಮೇಲೆ ಸವರಿ ತೋರಿಸಿದರು. ನೀರಿನಷ್ಟೇ ತಿಳಿ, ಮುಟ್ಟಿದರೆ ತಾಟಿನುಂಗಿನ ಹಾಗೆ ಮೆತ್ತಗೆ. "ಇದು ಹೈಡ್ರೋಜೆಲ್ ಅಂಟು ಅಮ್ಮ. ಗಾಯದ ಬಾಯಿಗೆ ಹೊಲಿಗೆ ಬದಲು ಇದನ್ನೇ ಹಾಕಿದೀನಿ. ಕೆಲವು ದಿನಕ್ಕೆ ಕಣ್ಣೀರಲ್ಲಿ ತಾನಾಗೇ ಹೋಗತ್ತೆ. ಚುಚ್ಚಲ್ಲ" ಎಂದರು. ಚುಚ್ಚಲ್ಲ ಅನ್ನುವ ಮಾತು ಕೇಳಿದ್ದೇ ತಡ, ಎದುರುಮನೆ ದೊಡ್ಡಮ್ಮ ನೆನಪಾದಳು. ಮೈಯೆಲ್ಲ ಉರಿದುಹೋಯಿತು.

ತೊಂಬತ್ತರ ದಶಕದ ಮಾತು. ಮದುವೆಯಾಗಿ ನಾನು ಹಳೇಕೋಟೆಗೆ ಬಂದ ಹೊಸತು. ದೊಡ್ಡಮ್ಮ ಸಂಬಂಧಿಯಲ್ಲ, ಹೊಸ ಸೊಸೆಗೆ ಊರಲ್ಲಿ ಒಬ್ಬರಾದರೂ ತನ್ನವರು ಬೇಕಲ್ಲ, ಹಾಗೆ ಸಿಕ್ಕವಳು. ಚಿಕ್ಕಂದಿನಲ್ಲೇ ಸಿಡುಬಿಗೆ ಅವಳ ಒಂದು ಕಣ್ಣು ಹೋಗಿತ್ತು. ಇದ್ದೊಂದು ಕಣ್ಣಿಗೂ ಪೊರೆ ಬಂತು. ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ದಿನ ನನ್ನ ಗಲ್ಲ ಹಿಡಿದು, "ಅಯ್ಯೋ, ಇಷ್ಟ್ ಕೆಂಪಗಿದ್ದೀಯೇನೇ! ನಾನು ಕಪ್ಪು ಅಂದ್ಕಂಡಿದ್ದೆ ಕಣೇ" ಎಂದು ನಕ್ಕಿದ್ದಳು.

ಸ್ವಲ್ಪ ದಿನಕ್ಕೇ ಕಣ್ಣು ಚುಚ್ಚತೊಡಗಿತು. ನಾನೇ ಬಸ್ಸು ಹತ್ತಿಸಿ ಆಪರೇಷನ್ ಮಾಡಿದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. "ರಾಗಿ ಸುಂಕು ಬಿದ್ದಂಗೆ ಚುಚ್ತದೆ ಸಾ" ಎಂದಳು. ಆತ ತಲೆ ಎತ್ತಲೂ ಇಲ್ಲ. "ಏನೂ ಇಲ್ಲ, ಡ್ರಾಪ್ಸ್ ಹಾಕ್ಕೋ, ಹೋಗು." ಬಾಯಿ ಬಿಟ್ಟರೆ ಮುತ್ತು ಉದುರಿಹೋಗುತ್ತಿತ್ತೆ ಆ ಪುಣ್ಯಾತ್ಮನಿಗೆ? ಒಳಗೆ ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿಗೆ ಹಾಕಿದ್ದೇವೆ, ಸಡಿಲವಾದರೆ ಚುಚ್ಚುತ್ತದೆ, ನಾವೇ ತೆಗೆಯುತ್ತೇವೆ, ನೀವು ಮುಟ್ಟಬೇಡಿ... ಹೇಳಲಿಲ್ಲ. ಕಣ್ಣಿಗೂ ಹೊಲಿಗೆ ಹಾಕುತ್ತಾರೆಂದು ನಮಗೇನು ಕನಸು ಬಿದ್ದಿತ್ತೆ?

ನಮ್ಮ ಕಡೆ ರಾಗಿ ಒಕ್ಕುವಾಗ ಹಾರುವ ಸುಂಕು, ಕಸ ಕಣ್ಣಿಗೆ ಬಿದ್ದರೆ ನಾಲಿಗೆಯಿಂದ ತೆಗೆಯುವ ಮುದುಕಿಯರಿದ್ದರು. ದೊಡ್ಡಮ್ಮ ಅಂಥ ಒಬ್ಬಳ ಮುಂದೆ ಕೂತಳು. ಮುದುಕಿ ರೆಪ್ಪೆ ಬಿಡಿಸಿ ನಾಲಿಗೆ ಆಡಿಸಿದಳು. "ಸುಮ್ಕಿರವ್ವ, ಸಿಕ್ತು. ಏನೋ ನಾರು" ಎಂದು ಉಗುರಲ್ಲಿ ಹಿಡಿದು ಎಳೆದೇಬಿಟ್ಟಳು. ಚುಚ್ಚುವುದು ನಿಂತೂ ನಿಂತಿತು. ದೊಡ್ಡಮ್ಮ ಖುಷಿಯಿಂದ ಅವಳ ಮಡಿಲಿಗೆ ಎಲೆ ಅಡಿಕೆ ಹಾಕಿ ಬಂದಳು. ಎರಡು ದಿನಕ್ಕೆ ಕಣ್ಣಲ್ಲಿ ಕೀವು ತುಂಬಿತು.

ಮತ್ತೆ ಅದೇ ಡಾಕ್ಟರು. ಈಗ ಬಾಯಿ ಬಂತು ಅವನಿಗೆ. "ಹೊಲಿಗೆ ಕಿತ್ಕೊಂಡು ಬಂದಿದೀರಲ್ಲ, ನೀವೇನು ಮನುಷ್ಯರಾ?" ಎಂದು ವಾರ್ಡಿಗೆಲ್ಲ ಕೇಳುವಂತೆ ಕೂಗಿದ. ದೊಡ್ಡಮ್ಮ ಕೈಮುಗಿದು, "ತೆಪ್ಪಾಯ್ತು ಸಾ, ಕಣ್ಣೊಂದು ಉಳ್ಸ್ಕೊಡಿ" ಎಂದಳು. ತಪ್ಪು ಯಾರದು, ಕೈಮುಗಿದವರು ಯಾರು! ಕಣ್ಣು ಉಳಿಯಲಿಲ್ಲ. ಊರವರು ಮುದುಕಿಗೆ ಹಿಡಿಶಾಪ ಹಾಕಿದರು; ಡಾಕ್ಟರನ್ನು ಯಾರೂ ಏನೂ ಅನ್ನಲಿಲ್ಲ. ಮುಂದೆ ನನಗೆ ಮಗಳು ಹುಟ್ಟಿದಾಗ ದೊಡ್ಡಮ್ಮ ಕೂಸಿನ ಮುಖವನ್ನು ಕೈಯಲ್ಲಿ ಸವರಿ ನೋಡಿದ್ದಷ್ಟೇ... ಗೋಡೆ ಹಿಡಿದು ನಡೆದೂ ನಡೆದೂ ಒಂದು ದಿನ ತೀರಿಕೊಂಡಳು.

ಈ ಮಧ್ಯಾಹ್ನ ಪಕ್ಕದ ಮಂಚಕ್ಕೆ ದುದ್ದದ ಕಡೆಯ ಅಜ್ಜಿಯೊಂದನ್ನು ತಂದು ಮಲಗಿಸಿದರು. "ಕಣ್ಗೇನೋ ಮೆತ್ತವ್ರಂತಲ್ಲ, ಏನವ್ವ ಅದು?" ಎಂದು ಅದು ನರ್ಸನ್ನು ಕೇಳಿತು. "ಏನೂ ಇಲ್ಲ, ಮಲ್ಕೊಳ್ಳಜ್ಜಿ" ಎಂದು ಆ ಹುಡುಗಿ ಹೊರಟಳು.

ನಾನು ಎದ್ದು ಕೂತೆ. "ಏನೂ ಇಲ್ಲ ಅಂದ್ರೆ ಏನೇ? ನಿಂತ್ಕೋ. ಏನು ಹಾಕಿದೀರಿ ಅಂತ ಹೇಳಿ ಹೋಗು." ವಾರ್ಡೆಲ್ಲ ತಿರುಗಿ ನೋಡಿತು. ನೋಡಲಿ. ಹುಡುಗಿ ಮುಖ ಊದಿಸಿಕೊಂಡೇ ಬಂದು ಎಲ್ಲ ಬಿಡಿಸಿ ಹೇಳಿದಳು.

"ಇಷ್ಟೇಯಾ?" ಎಂದ ಅಜ್ಜಿ ನೆಮ್ಮದಿಯಾಗಿ ಕಣ್ಣು ಮುಚ್ಚಿತು.

ಇಷ್ಟೇ. ಇಷ್ಟು ಹೇಳುವವರಿಲ್ಲದೆ ನನ್ನ ದೊಡ್ಡಮ್ಮ ಕುರುಡಿಯಾಗಿ ಸತ್ತಳು.