ಸೀಮೆಸುಣ್ಣ ಅಳಿಸಿದಲ್ಲಿ

ನರೇಗಲ್ಲಿನ ಬಡಗಿ ಚಾಚಾ ಯಾರು ಅವಸರ ಮಾಡಿದರೂ, "ಕಟಗಿಗೆ ಲಗೂ ಅನ್ನೂದು ತಿಳಿಯಂಗಿಲ್ರಿ" ಎನ್ನುತ್ತಿದ್ದರು. ಶಾಲೆಯಿಂದ ನಿವೃತ್ತನಾದ ಮೇಲೆ ನಾನು ಅವರ ಬಳಿ ಸ್ಟೂಲು ಮಾಡಲು ಕಲಿಯತೊಡಗಿದೆ. ಹಿತ್ತಲಲ್ಲಿ ಬಿದ್ದ ನಮ್ಮ ಬೇವಿನ ಮರದಿಂದ ಸಿಕ್ಕಿದ್ದು ಒಂದೇ ಹಲಗೆ. ಮೊದಲನೆಯ ಕಾಲು ಅದರ ತೂತಿನಲ್ಲಿ ಇಳಿಯಲೇ ಇಲ್ಲ. ಸಿಟ್ಟಿನಿಂದ ಸುತ್ತಿಗೆ ಎತ್ತಿದೆ. ಹಲಗೆ ಸೀಳುತ್ತಿತ್ತೇನೋ, ಚಾಚಾ ನನ್ನ ಕೈ ಹಿಡಿದರು.

"ಸರ, ಖಡು ಐತೇನ್ರಿ?"

ನನ್ನ ಜುಬ್ಬದ ಕಿಸೆಯಲ್ಲಿ ಸೀಮೆಸುಣ್ಣದ ಹಳೆಯ ತುಂಡೊಂದು ಸಿಕ್ಕಿತು. ಚಾಚಾ ಅದನ್ನು ಕಾಲಿನ ತುದಿಗೆ ಬಳಿದು, ತೂತಿಗೆ ತೂರಿಸಿ, ಹೊರಗೆಳೆದು, ಬಿಗಿಯಾಗಿ ಉಜ್ಜಿ ಬಿಳಿ ಅಳಿಸಿಹೋದ ಜಾಗಗಳನ್ನು ತೋರಿಸಿದರು.

"ಖಡು ಅಳಿಸಿದಲ್ಲಿ ಅಷ್ಟ ಕೆತ್ರಿ."

ಸಂಜೆಯವರೆಗೂ ಬಳಿದೆ, ಕೆತ್ತಿದೆ. ಕಡೆಗೆ ಅಂಗೈಯಿಂದ ಒತ್ತಿದ್ದಕ್ಕೇ ಕಾಲು ಬಿಗಿಯಾಗಿ ಕೂತಿತು. ಚಾಚಾ ಆ ಒಂದೇ ಕಾಲು ಹಿಡಿದು ಹಲಗೆಯನ್ನೆತ್ತಿ ಜೋರಾಗಿ ಅಲ್ಲಾಡಿಸಿದರು. ಅದು ಬೀಳಲಿಲ್ಲ.

"ಇನ್ನ ಮೂರ ಕಾಲ ಅದಾವ್ರಿ, ಸರ."

ಬೆರಳ ತುದಿಯಷ್ಟು ಸೀಮೆಸುಣ್ಣ ಇನ್ನೂ ಉಳಿದಿತ್ತು.