ಚಾಚಿಯ ಬಾಂಬೆ ಬೆಕ್ಕು

ಮೊನ್ನೆ ಅಮಾವಾಸ್ಯೆಯ ದಿನ ನಮ್ಮತ್ತೆ ನನ್ನ ಮಗಳ ದೃಷ್ಟಿ ತೆಗೆದು, ಉಪ್ಪು ಮತ್ತು ಒಣಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿದರು. ಘಾಟು ಹಾವೇರಿಯ ಈ ಸಣ್ಣ ಮನೆಯನ್ನೆಲ್ಲ ತುಂಬಿತು. ಕೆಮ್ಮುತ್ತ ಹಿತ್ತಲಿಗೆ ಬಂದು ನಿಂತೆ. ಬ್ಯಾಡಗಿಯ ಚಾಚಿ ನೆನಪಾದಳು. ಅವಳಿಗಿಂತ ಮೊದಲು ಅವಳ ಬೆಕ್ಕು...

ಚಾಚಿ ನನಗೆ ಸಂಬಂಧಿಯಲ್ಲ. ತವರಿನಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯವಳು. ಗಂಡ ತೀರಿಕೊಂಡಿದ್ದ. ಮಗ ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಗಾಡಿ ಓಡಿಸುತ್ತಿದ್ದ. ಅಲ್ಲಿಯ ಸಾಹೇಬರೊಬ್ಬರು ವರ್ಗವಾಗಿ ಹೋಗುವಾಗ ಬಿಟ್ಟುಹೋದ ಬೆಕ್ಕನ್ನು ಅವನೇ ತಂದು ತಾಯಿಗೆ ಕೊಟ್ಟಿದ್ದ. ಬಾಂಬೆ ಜಾತಿಯದಂತೆ. ಹೆಸರಷ್ಟೇ ಬಾಂಬೆ, ಆ ತಳಿ ಹುಟ್ಟಿದ್ದು ಅಮೆರಿಕದಲ್ಲಿ ಎಂದು ಆಮೇಲೆ ಎಲ್ಲೋ ಓದಿದೆ.

ಕರಿ ಎಂದರೆ ಅಂಥಿಂಥ ಕರಿಯಲ್ಲ. ಮೂಗು, ಮೀಸೆ, ಅಂಗಾಲು ಕೂಡ ಕಪ್ಪು. ಎಣ್ಣೆ ಹಚ್ಚಿ ಬಾಚಿದಂಥ ಹೊಳಪು. ಕಣ್ಣು ಮಾತ್ರ ಹುಣಸೆಹಣ್ಣಿನಿಂದ ತಿಕ್ಕಿದ ತಾಮ್ರದ ಬಣ್ಣ. ನೋಡಲು ಚಿರತೆಯ ಮರಿ, ಗುಣ ಹಸುಗೂಸಿನದು. ಒಂದು ಗಳಿಗೆ ಒಂಟಿಯಾಗಿ ಇರುತ್ತಿರಲಿಲ್ಲ. ಗುರುತಿರಲಿ ಬಿಡಲಿ, ಕೂತವರ ತೊಡೆ ಏರಿ ಗುರುಗುಡುತ್ತಿತ್ತು. ಮೂಗು ಮೋಟು, ಮಲಗಿದಾಗ ಉಸಿರು ಸುಂಯ್‌ಗುಡುತ್ತಿತ್ತು.

"ಇದರ ಎದಿನೂ ಸೂಕ್ಷ್ಮ ಐತಿ ಬೇಟಾ," ಎಂದಿದ್ದಳು ಚಾಚಿ, ಹಾವೇರಿಯ ದನದ ಡಾಕ್ಟರರಿಗೆ ತೋರಿಸಿಕೊಂಡು ಬಂದ ದಿನ. "ಹೊಗಿ, ಘಾಟು ತಾಗಿಸಬ್ಯಾಡ ಅಂದಾರ."

ಬ್ಯಾಡಗಿಯಲ್ಲಿ ಇದ್ದುಕೊಂಡು ಘಾಟು ತಾಗಿಸಬಾರದೆಂದರೆ ಹೇಗೆ? ಚಾಚಿ ಮನೆಗೆ ಚೀಲಗಟ್ಟಲೆ ಮೆಣಸಿನಕಾಯಿ ತಂದು ತೊಟ್ಟು ಬಿಡಿಸುತ್ತಿದ್ದವಳು. ಮರುದಿನದಿಂದ ಆ ಕೆಲಸ ಬಿಟ್ಟಳು. ಹೊಲಿಗೆ ಮಷೀನು ಒಂದೇ ಉಳಿಯಿತು. ಸುಗ್ಗಿಯಲ್ಲಿ ಕಿಟಕಿಗೆ ಒದ್ದೆ ಸೀರೆ ಕಟ್ಟಿಡುತ್ತಿದ್ದಳು. ಬೆಕ್ಕಿಗಾಗಿ ಹೊಟ್ಟೆಯ ಮೇಲೆ ಕಲ್ಲು ಹಾಕಿಕೊಂಡಳೆಂದು ಓಣಿಯೆಲ್ಲ ನಕ್ಕಿತು. ನಾನೂ ನಕ್ಕೆ.

ಆಗ ನನ್ನ ವಯಸ್ಸು ಮೂವತ್ತರ ಹತ್ತಿರ. ನೋಡಲು ಬಂದ ಎರಡು ಸಂಬಂಧ ತಪ್ಪಿದ್ದವು. ಮೂರನೆಯದು ರಾಣೆಬೆನ್ನೂರಿನದು, ಬಹುತೇಕ ಕೂಡಿಬಂದಿತ್ತು. ಹುಡುಗನ ತಾಯಿ ಉಪ್ಪಿಟ್ಟಿನ ತಾಟು ಹಿಡಿದು ಕೂತಿದ್ದಾಗ, ಹಿತ್ತಲ ಬಾಗಿಲಿನಿಂದ ಬಂದ ಬೆಕ್ಕು ಸೀದಾ ಆಕೆಯ ತೊಡೆ ಏರಿತು. ಆಕೆ ತಾಟು ಇಟ್ಟು ಎದ್ದೇಬಿಟ್ಟಳು.

"ಆ ಕರಿ ಪೀಡಾ ಇರೂತನಕಾ ನಿನ್ನ ಕೊಳ್ಳಾಗ ತಾಳಿ ಬೀಳಂಗಿಲ್ಲ," ಎಂದಳು ಅವ್ವ. ನನಗೂ ಹಾಗೇ ಅನಿಸಿತು. ಅದು ಪ್ರೀತಿಯಿಂದ ತೊಡೆ ಏರುತ್ತದೆ ಎಂಬುದು ಗೊತ್ತಿದ್ದೂ ಅನಿಸಿತು.

ನಾಲ್ಕನೆಯ ಸಂಬಂಧ, ಹಾವೇರಿಯವರು, ನೋಡಲು ಬರುವ ಭಾನುವಾರ ಬಂತು. ಚಾಚಿ ನನ್ನ ಕುಪ್ಪಸ ಹೊಲಿದು ಮುಗಿಸಿದ್ದಳು. ಸೀರೆಗೆ ಒಪ್ಪುವ ಫಾಲ್ ತರಲು ಬೆಳಿಗ್ಗೆ ಪೇಟೆಗೆ ಹೊರಟವಳು, "ಇದನ್ನಷ್ಟ ನೋಡ್ಕೊ, ಒಂದ ಬಿಟ್ರ ಒದರ್ತದ," ಎಂದು ಬೆಕ್ಕನ್ನು ನನ್ನ ಕೈಗೇ ಕೊಟ್ಟಳು.

ನಾನು ಅದನ್ನು ಬಚ್ಚಲಿಗೆ ಒಯ್ದೆ. ಹಂಡೆಯ ಒಲೆಯಲ್ಲಿ ಕೆಂಡ ಇತ್ತು. ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಘಾಟು ಕಡಿಮೆ. ಅದಕ್ಕೇ ಗುಂಟೂರು ಕಾಯಿಯ ಡಬ್ಬಿ ಹುಡುಕಿದೆ. ಒಂದು ಬೊಗಸೆ ಕೆಂಡಕ್ಕೆ ಸುರಿದು, ಹೊರಗೆ ಬಂದು ಅಗಳಿ ಹಾಕಿದೆ. ಹೆದರಿಸಿದರೆ ಸಾಕೆಂದುಕೊಂಡಿದ್ದೆ ಎಂದು ಇಲ್ಲಿ ಬರೆಯಬಹುದು. ಅದು ಸುಳ್ಳು. ಬಾಗಿಲ ಆಚೆ ಅದು ನನ್ನನ್ನು ಕರೆಯಿತು, ಆಮೇಲೆ ಬರೀ ಸೀನಿತು, ಆಮೇಲೆ ಅದೂ ಇಲ್ಲ... ಅಗಳಿ ತೆಗೆದಾಗ ಬಾಯಿ ತೆರೆದು ಏದುತ್ತ ಹೊರಗೆ ಬಂದು, ನನ್ನ ಕಾಲಿಗೇ ಮೈ ಒತ್ತಿ ಕೂತಿತು.

ಚಾಚಿ ಬಂದಾಗ ಘಾಟು ಇನ್ನೂ ಹೋಗಿರಲಿಲ್ಲ. ದೃಷ್ಟಿ ತೆಗೆದೆವು, ಅಷ್ಟರಲ್ಲಿ ಬೆಕ್ಕು ಒಲೆಯ ಹತ್ತಿರ ಹೋಗಿಬಿಟ್ಟಿತು ಎಂದೆ. ಅವಳು ಅದನ್ನು ಸೆರಗಿನಲ್ಲಿ ಸುತ್ತಿ ಎತ್ತಿಕೊಂಡಳು. ಒಂದು ಕೈಯಲ್ಲಿ ಬೆಕ್ಕು ಹಿಡಿದುಕೊಂಡೇ ಫಾಲ್ ಕೊಟ್ಟು ಹೋದಳು.

ಹಾವೇರಿಯವರು ಒಪ್ಪಿದರು. ಮೂರನೆಯ ದಿನ ಬೆಕ್ಕು ಚಾಚಿಯ ಮಡಿಲಲ್ಲಿ ಸತ್ತಿತು. ನೋಡಲು ಹೋದೆ, ಹೋಗದಿದ್ದರೆ ಅನುಮಾನ ಬರುತ್ತದೆಂದು ಹೋದೆ. ಚಾಚಿ ನನ್ನ ತಲೆ ಸವರಿದಳು.

"ಮನಿ ಮಂದಿ ಮ್ಯಾಲೆ ಬರೂ ಬಲಾ, ಕೇಡು ಸಾಕಿದ ಪ್ರಾಣಿ ತಾ ತಗೊಂತದಂತ. ನಿನ್ನ ಪೀಡಾ ಎಲ್ಲಾ ಹೊತ್ಕೊಂಡು ಹೋತು ಇದು. ನೀ ಛಲೋ ಇರು ಬೇಟಾ."

ನಾನು ತಲೆಯಾಡಿಸಿದೆ. ಮದುವೆಗೆ ಅವಳೇ ಆರು ಕುಪ್ಪಸ ಹೊಲಿದುಕೊಟ್ಟಳು. ತವರಿಗೆ ಹೋದಾಗಲೆಲ್ಲ ಹೇಳಬೇಕೆಂದುಕೊಳ್ಳುತ್ತಿದ್ದೆ, ಚಹಾ ಕುಡಿದು ಎದ್ದು ಬರುತ್ತಿದ್ದೆ. ಮತ್ತೆ ಬೆಕ್ಕು ಸಾಕಲಿಲ್ಲ ಅವಳು. ತೊಟ್ಟು ಬಿಡಿಸುವ ಕೆಲಸಕ್ಕೆ ಮರಳಿದಳು, ಕಿಟಕಿಗೆ ಸೀರೆ ಕಟ್ಟುವುದನ್ನು ಬಿಟ್ಟಳು.

ಹೋದ ವರ್ಷ ಚಾಚಿ ತೀರಿಕೊಂಡಳು. ಮಣ್ಣಾದ ಮರುದಿನ ಹೋದಾಗ ಅವಳ ಸೊಸೆ ನನ್ನನ್ನು ನೆರೆದ ಹೆಂಗಸರಿಗೆ ತೋರಿಸಿದಳು. "ಅತ್ತಿ ಹೇಳತಿದ್ರಲ್ಲ, ಬೆಕ್ಕು ಜೀವಾ ಕೊಟ್ಟು ಉಳಿಸಿದ ಹುಡುಗಿ, ಇವರ ನೋಡ್ರಿ." ಹೆಂಗಸರು ಸರಿದು ನನಗೆ ಜಾಗ ಮಾಡಿಕೊಟ್ಟರು. ಆಗಲೂ ತಲೆಯಾಡಿಸಿ ಕೂತೆ.

ಮೊನ್ನೆ ಹಿತ್ತಲಲ್ಲಿ ನಿಂತಿದ್ದಾಗ ಒಳಗಿನಿಂದ ನಮ್ಮತ್ತೆ ಕೂಗಿದರು, "ಬಾ ಒಳಗ, ಘಾಟು ಹೋತು."