ಆಟಕ್ಕೆ ಜಾಗ ಮಾಡಲು ಅಳಿಸಿದ ನಕ್ಷೆಗಳು

ಶಮೀಮಾ, ನಿಮ್ಮ ಮನೆಯ ಜಮಖಾನೆ ನಕ್ಷೆಗಳನ್ನು ಕಂಪ್ಯೂಟರಿನಿಂದ ಅಳಿಸಿದವಳು ನಾನು. ಒಂದು ಕಾರು ಓಡಿಸುವ ಆಟಕ್ಕೆ ಜಾಗ ಬೇಕಾಗಿತ್ತು, ಅದಕ್ಕೆ. ಅವನ್ನು ನೀನು ಕದ್ದು ಅಳ್ನಾವರದ ನಿನ್ನ ಗಂಡನ ಮನೆಗೆ ಒಯ್ದೆ ಎಂದು ನಿನ್ನ ಅಮ್ಮ ಆರು ವರ್ಷದಿಂದ ನಂಬಿದ್ದಾರೆ. ಹಾಗೆ ನಂಬಿಸಿದವಳೂ ನಾನೇ. ನಿನ್ನ ಮೇಲೆ ಇಂಥ ಗುಮಾನಿ ಇದೆಯೆಂಬುದೇ ನಿನಗೆ ಗೊತ್ತಿಲ್ಲ.

ನಿಮ್ಮ ಮನೆಯ ಪದ್ಧತಿ ನಿನಗೆ ಹೇಳಬೇಕಾಗಿಲ್ಲ. ನವಲಗುಂದದ ಜಮಖಾನೆಯವರು ಸೊಸೆಗೆ ಕಲಿಸುತ್ತಾರೆ, ಮಗಳಿಗೆ ಕಲಿಸುವುದಿಲ್ಲ. ಮಗಳು ಕೊಟ್ಟ ಮನೆಗೆ ಹೋಗುವವಳು, ಅವಳ ಹಿಂದೆ ವಿದ್ಯೆಯೂ ಹೋದೀತೆಂಬ ಅಂಜಿಕೆ. ನಾವು ಸಣ್ಣವರಿದ್ದಾಗ ಮಗ್ಗದ ಕೋಣೆಗೆ ಇಣುಕಿದರೆ ನಿನ್ನ ಅಮ್ಮ ಬೀಬಿಜಾನ್ ಚಾಚಿ ಇಬ್ಬರನ್ನೂ ಹೊರಗೆ ಅಟ್ಟುತ್ತಿದ್ದರು. ನಾನು ನಗುತ್ತ ಓಡುತ್ತಿದ್ದೆ, ನೀನು ಬಾಗಿಲ ಹೊರಗೆ ನಿಂತು ಅಳುತ್ತಿದ್ದೆ. ನನಗದು ಪಕ್ಕದ ಮನೆ. ನಿನಗೆ ಸ್ವಂತ ಮನೆಯಾಗಿತ್ತು.

ಚಾಚಿಯ ಅತ್ತೆ ಬರೆದಿಟ್ಟ ನಕ್ಷೆಗಳ ಕಾಗದ ಹುಳ ತಿಂದು ಪುಡಿಯಾಗುತ್ತಿತ್ತು. ಚಾಚಿಯ ಕಣ್ಣೂ ಮಂಜಾಗತೊಡಗಿತ್ತು. ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಇಡೋಣ ಎಂದವಳು ನಾನೇ. ಊರಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವವಳು, ಜಾಣೆ! ನಿನ್ನ ಅಣ್ಣ ಹುಬ್ಬಳ್ಳಿಯಲ್ಲಿ ಮುಚ್ಚಿದ ಫೋಟೋ ಸ್ಟುಡಿಯೋ ಒಂದರಿಂದ ಹಳೆಯ ಮಷೀನ್ ತಂದಿದ್ದ. ಅದಕ್ಕೆ ನಾನು ಲಿನಕ್ಸ್ ಹಾಕಿಕೊಟ್ಟೆ. ಹಳೆಯ ಮಷೀನಿಗೆ ಅದು ಹಗುರ, ವೈರಸ್ಸಿನ ಕಾಟವೂ ಕಡಿಮೆ. ಚಾಚಿ ಶರತ್ತು ಹಾಕಿದರು: ನಕ್ಷೆ ಇದೊಂದೇ ಮಷೀನಿನಲ್ಲಿ ಇರಬೇಕು, ಇನ್ನೊಂದು ಪ್ರತಿ ಎಲ್ಲಿಯೂ ಇರಬಾರದು, ಬಂದವರ ಕಣ್ಣಿಗೂ ಬೀಳಬಾರದು. ಲಿನಕ್ಸಿನಲ್ಲಿ ಫೋಲ್ಡರಿನ ಹೆಸರಿನ ಮುಂದೆ ಒಂದು ಚುಕ್ಕೆ ಇಟ್ಟರೆ ಅದು ಮರೆಯಾಗುತ್ತದೆ. ಡಿಸ್ಕಿನ ಎರಡನೆಯ ಭಾಗದಲ್ಲಿ ನಕ್ಷೆಗಳನ್ನು ಇಟ್ಟು, ಚುಕ್ಕೆ ಹಾಕಿ, ತೋರಿಸಿದೆ. ಚಾಚಿಗೆ ಬಹಳ ಹಿಡಿಸಿತು. ಅವತ್ತೇ ಕಾಗದಗಳನ್ನೆಲ್ಲ ಒಲೆಗೆ ಹಾಕಿದರು.

"ಹಂಗ್ಯಾಕ ಮಾಡಿದ್ರಿ ಚಾಚಿ?" ಎಂದೆ.

"ಕಾಗದ ಅಂದ್ರ ಕೈ ಬದಲಾಗ್ತಾವ ಯವ್ವಾ. ನಿನ್ನ ಮ್ಯಾಲೆ ಭರೋಸಾ ಐತಿ, ಸಾಕು."

ಆಮೇಲೆ ನಿನ್ನ ಅತ್ತಿಗೆಗೆ ಕಂಪ್ಯೂಟರ್ ಕಲಿಸುವ ನೆಪದಲ್ಲಿ ದಿನಾ ಮಧ್ಯಾಹ್ನ ನಿಮ್ಮ ಮನೆಗೆ ಹೋಗುತ್ತಿದ್ದೆ. ಅರ್ಧ ತಾಸಿಗೆ ಅವಳು ಮಗ್ಗಕ್ಕೆ ಎದ್ದು ಹೋಗುತ್ತಿದ್ದಳು. ನಾನು ಮಾತ್ರ ಅಲ್ಲೇ. ಸ್ಟುಡಿಯೋದ ಮಷೀನಲ್ಲವೇ, ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇತ್ತು. ನನ್ನ ಕ್ಲಾಸಿನ ಡಬ್ಬಿಗಳಿಗೆ ಅದೆಲ್ಲಿಂದ ಬರಬೇಕು? ಅದರಲ್ಲಿ ಕಾರು ಓಡಿಸುವ ಆಟವೊಂದನ್ನು ಹಾಕುವ ಹುಚ್ಚು ಹಿಡಿಯಿತು. ಆಟ ವಿಂಡೋಸಿಗೆ ಮಾಡಿದ್ದು, ಲಿನಕ್ಸಿನಲ್ಲಿ ನಡೆಯಬೇಕೆಂದರೆ ವೈನ್ ಎಂಬ ಇನ್ನೊಂದು ಪ್ರೋಗ್ರಾಂ ಬೇಕು — ಆ ಹೆಸರನ್ನು ನಿಮ್ಮ ಮನೆಯಲ್ಲಿ ಬಾಯಿ ಬಿಟ್ಟು ಹೇಳುವಂತಿತ್ತೇ! ಎಷ್ಟೋ ದಿನ ಬರೀ ಕಪ್ಪು ಪರದೆ. ಆಮೇಲೆ ಸದ್ದು ಬಂತು, ಚಿತ್ರವಿಲ್ಲ. ಒಂದು ದಿನ, ಆ ಕಾರ್ಡಿನ ಡ್ರೈವರ್ ಪ್ರೋಗ್ರಾಂ ಬದಲಿಸಿದ ಮೇಲೆ, ರಸ್ತೆ ಕಣ್ಣೆದುರಿಗೆ ಬಿಚ್ಚಿಕೊಂಡಿತು. ಮೂವತ್ತೆರಡು ವರ್ಷದ ಹೆಂಗಸು ನಾನು, ಬಾಯಿಗೆ ಸೆರಗು ಒತ್ತಿಕೊಂಡು ಕುಣಿದೆ. ಊರಲ್ಲಿ ಸೈಕಲ್ಲೂ ಹೊಡೆಯದವಳು ಅಲ್ಲಿ ಗುಡ್ಡ ಸುತ್ತುತ್ತಿದ್ದೆ. ಅಷ್ಟು ಖುಷಿ ನನಗೆ ಮತ್ತೆಲ್ಲೂ ಸಿಕ್ಕಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ನೀನು ಬಾಣಂತನಕ್ಕೆ ತವರಿಗೆ ಬಂದದ್ದು ಆಗಲೇ. ಒಂದು ಮಧ್ಯಾಹ್ನ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ನನ್ನ ಬಾಜು ಕೂತು ನಿನ್ನ ಮದುವೆಯ ಫೋಟೋ ನೋಡಿದೆ. ಅಷ್ಟೇ. ಅದರ ಮರುದಿನ ಇನ್ನೊಂದು ಕಾರಿನ ಆಟ ಹಾಕಹೊರಟೆ — ಹಿಂದಿನದಕ್ಕಿಂತ ದೊಡ್ಡದು, ಜಾಗ ಸಾಲಲಿಲ್ಲ. ಡಿಸ್ಕಿನ ಎರಡನೆಯ ಭಾಗ ತೆರೆದೆ. ಒಳಗೆ ಏನೂ ಕಾಣಲಿಲ್ಲ. ಸ್ವಲ್ಪ ಜಾಗ ತುಂಬಿದೆಯೆಂದು ಅದು ತೋರಿಸುತ್ತಲೇ ಇತ್ತು. ಹಳೆಯ ಆಟದ ಕಸವಿರಬೇಕು ಎಂದುಕೊಂಡು ಆ ಭಾಗವನ್ನೇ ಖಾಲಿ ಮಾಡಹೊರಟೆ. ಎಲ್ಲ ಅಳಿಸಲೇ ಎಂದು ಅದು ಕೇಳಿತು. ಹೌದೆಂದು ಒತ್ತಿದೆ. ನಾನೇ ಇಟ್ಟ ಚುಕ್ಕೆ, ನಾನೇ ಮರೆತಿದ್ದೆ.

ಎಂಟು ದಿನದ ಮೇಲೆ ಚಾಚಿ ಹಿಂದೆ ಬಂದು ನಿಂತರು. "ನವಿಲಿಂದು ನಕ್ಷಿ ತಗಿಯವ್ವಾ, ಆರ್ಡರ್ ಬಂದೈತಿ."

ತೆಗೆಯುವ ಮೊದಲೇ ಗೊತ್ತಾಗಿಬಿಟ್ಟಿತ್ತು. ಆದರೂ ಹುಡುಕಿದಂತೆ ಮಾಡಿದೆ. ಅಲ್ಲಿ ಒತ್ತಿದೆ, ಇಲ್ಲಿ ಒತ್ತಿದೆ.

"ಇಲ್ರಿ ಚಾಚಿ... ಹೋಗ್ಯಾವ."

"ಹೋಗ್ಯಾವಂದ್ರ? ಯಾರರೆ ಮುಟ್ಟ್ಯಾರೇನ?"

ಆಗ ನಾನು ಹೇಳಿದೆ, ಶಮೀಮಾ. "ನನಗೇನ್ ಗೊತ್ರಿ... ಮೊನ್ನಿ ಶಮೀಮ ಇದರ ಮುಂದ ಕುಂತಿದ್ಲು."

ಒಂದಕ್ಷರ ಸುಳ್ಳಿರಲಿಲ್ಲ. ಅದಕ್ಕೇ ಅಷ್ಟು ಸಲೀಸಾಗಿ ಬಂತು. ಚಾಚಿ ಗೋಡೆ ಹಿಡಿದು ಒಳಗೆ ಹೋದರು. ತಲೆತಲಾಂತರದಿಂದ ಆ ಮನೆಯ ಹೆಂಗಸರು ಯಾವುದಕ್ಕೆ ಅಂಜುತ್ತಿದ್ದರೋ ಅದು ತಮ್ಮ ಕಾಲದಲ್ಲೇ ಆಯಿತೆಂದುಕೊಂಡರು.

ಇಷ್ಟಕ್ಕೇ ಮುಗಿದಿದ್ದರೆ — ಇಲ್ಲ, ಇನ್ನೊಂದು ಇದೆ. ಅಳಿಸಿದ್ದನ್ನು ಒಮ್ಮೊಮ್ಮೆ ಹಿಂದಕ್ಕೆ ತೆಗೆಯಬಹುದು. ಅದರ ಮೇಲೆ ಬೇರೆ ಏನೂ ತುಂಬಬಾರದು, ಅಷ್ಟೇ. ನನಗಿದು ಗೊತ್ತಿತ್ತು, ಕ್ಲಾಸಿನಲ್ಲಿ ಹೇಳಿಕೊಟ್ಟವಳೇ ನಾನು. ಹೊಸ ಆಟ ಅರ್ಧ ಜಾಗ ನುಂಗಿತ್ತು, ಇನ್ನರ್ಧದಲ್ಲಿ ಕೆಲವಾದರೂ ಉಳಿದಿರಬಹುದಿತ್ತು. ನಿನ್ನ ಅಣ್ಣ, "ಹುಬ್ಬಳ್ಯಾಗ ತೋರಿಸ್ಕೊಂಡ್ ಬರ್ತೀನಿ" ಎಂದ. ಅಲ್ಲಿಯವರು ಬಿಚ್ಚಿ ನೋಡಿದರೆ ಯಾವ ದಿನ ಅಳಿಸಿದ್ದು, ಮೇಲೆ ಯಾವ ಆಟ ಕೂತಿದೆ, ಎಲ್ಲ ಹೊರಗೆ ಬೀಳುತ್ತದೆ. ಊರವರು ಹೆಣ್ಣುಮಕ್ಕಳನ್ನು ನನ್ನ ಕ್ಲಾಸಿಗೆ ಕಳಿಸುವುದಿಲ್ಲ. ನನಗಿದ್ದ ಅನ್ನ ಅದೊಂದೇ. ಅಂಜಿದೆ. ಅವನು ಬರುವ ಮೊದಲು ಕೂತು, ಅದೇ ಆಟವನ್ನು ಕಾಪಿ ಮಾಡಿ, ಮತ್ತೆ ಕಾಪಿ ಮಾಡಿ, ಡಿಸ್ಕಿನ ತುದಿಯವರೆಗೂ ತುಂಬಿದೆ. ಆಮೇಲೆ ಎಲ್ಲವನ್ನೂ ಅಳಿಸಿದೆ. ಮೊದಲಿನದು ಮರೆವು ಎನ್ನಬಹುದು. ಇದಕ್ಕೆ ಬೇರೆ ಹೆಸರಿಲ್ಲ.

ಹುಬ್ಬಳ್ಳಿಯಿಂದ ಏನೂ ಸಿಗಲಿಲ್ಲ. ನಲವತ್ತು ದಿನ ಮುಗಿಸಿ ನೀನು ಹೊರಟಾಗ ನಿನ್ನ ಅಮ್ಮ ಬಾಗಿಲಿಗೆ ಬರಲಿಲ್ಲ, ಮೊಮ್ಮಗನನ್ನು ಎತ್ತಿಕೊಳ್ಳಲಿಲ್ಲ. ಮಗಳ ಮರ್ಯಾದೆ ಹೋಗಬಾರದೆಂದು ಹೊರಗೆ ಒಂದು ಮಾತೂ ಆಡಲಿಲ್ಲ. ಹಬ್ಬಕ್ಕೆ ಕರೆ ನಿಂತಿತು. ನೀನು ನನಗೆ ಫೋನ್ ಮಾಡಿ, "ಅನ್ನಪೂರ್ಣಾ, ಅಮ್ಮ ಯಾಕ ನನ್ನ ಕೂಡ ಮಾತಾಡವಲ್ಲಳು? ನಾ ಏನ್ ತಪ್ಪ ಮಾಡೀನಿ?" ಎಂದು ಅತ್ತೆ. "ವಯಸ್ಸಾತಲ್ಲ, ಬಿಡ" ಎಂದೆ. ಫೋನಿಟ್ಟ ಮೇಲೆ ನನಗೆ ಅಳು ಬರಲಿಲ್ಲ, ಜೀವ ನಿರಾಳವಾಯಿತು. ಇವಳಿಗೆ ಗೊತ್ತಾಗಿಲ್ಲ ಎಂಬ ನಿರಾಳ.

ಅಂದಿನಿಂದ ಅಂಜಿಕೆಯೇ ನನ್ನ ಸಂಸಾರ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ನಾನು ದಿನಾ ಮುಟ್ಟಿಕೊಳ್ಳುತ್ತೇನೆ. ಕ್ಲಾಸಿನಲ್ಲಿ ಯಾರಾದರೂ "ಮೇಡಂ, ಫೈಲ್ ಕಾಣವಲ್ದು" ಎಂದರೆ ಬೆನ್ನು ಬೆವರುತ್ತದೆ. ಅಳ್ನಾವರದ ಬೋರ್ಡು ಹಾಕಿದ ಬಸ್ಸು ಕಂಡರೆ ಮುಖ ತಿರುಗಿಸುತ್ತೇನೆ.

ಹೋದ ವಾರ ನಿನ್ನ ಅಣ್ಣನ ಮಗಳು — ಐದು ವರ್ಷದ ಪೋರಿ — ಕಂಪ್ಯೂಟರಿನ ಬಟನ್ ಒತ್ತಿದಳು. ಚಾಚಿ ಸದ್ದು ಕೇಳಿ, ತಡಕಿ, ಅವಳ ಕೈಗೆ ಹೊಡೆದರು. "ಮುಟ್ಟಬ್ಯಾಡ! ನೀನೂ ನಿಮ್ಮತ್ತಿ ಹಂಗ ಕಳ್ಳಿ ಆಗ್ತಿ." ಕೂಸು ನನ್ನನ್ನು ನೋಡಿತು, ಬಿಡಿಸಿಕೊಳ್ಳಲೆಂದು. ನಾನು ಎದ್ದು ಮನೆಗೆ ಬಂದೆ.

ನಿನ್ನೆ ಮಧ್ಯಾಹ್ನ ಹೋಗಿ ಎಲ್ಲವನ್ನೂ ಹೇಳಿದೆ. ಆಟ, ಚುಕ್ಕೆ, ಕಾಪಿ, ನಾನಾಡಿದ ಮಾತು. ಬೈದಾರು, ಹೊಡೆದಾರು ಎಂದು ಕಾದೆ. ಈಗ ಕಣ್ಣು ಪೂರ್ತಿ ಕಾಣದ ಚಾಚಿ ನನ್ನ ದನಿ ಬಂದ ಕಡೆ ಮುಖ ಮಾಡಿದರು.

"ನಕ್ಷಿ ಹ್ವಾದ್ವು, ಹೋಗ್ಲಿ. ಮಗಳನ್ನ ಕಳದಿ ನೀ," ಎಂದರು.

ಆಮೇಲೆ ಫೋನು ತರಿಸಿ ನನ್ನ ಕೈಯಲ್ಲಿ ನಿನ್ನ ನಂಬರು ಹಚ್ಚಲು ಹೇಳಿದರು. ಹಚ್ಚುವಷ್ಟರಲ್ಲಿ ನನ್ನ ಮಣಿಕಟ್ಟು ಹಿಡಿದರು. "ತಡಿ. ಆಕಿ ಮಾಡಿದಾಗೆಲ್ಲ ನಾ ಎತ್ತಲಿಲ್ಲ. ಈಗ ಆಕಿ ಎತ್ತತಾಳೇನ?"

ನನ್ನ ಅಂಜಿಕೆ ಅವರಿಗೆ ದಾಟಿತ್ತು. ನಾನು ಫೋನು ಕೆಳಗಿಟ್ಟೆ. ಮೊದಲು ನಿನಗೆ ನಿಜ ತಿಳಿಯಲಿ, ಆಮೇಲೆ ಮಾಡುತ್ತೇನೆ ಎಂದರು. ಅದಕ್ಕೇ ಈ ಕಾಗದ.

ನನ್ನನ್ನು ಕ್ಷಮಿಸೆಂದು ಕೇಳುವುದಿಲ್ಲ. ನನ್ನ ಜೊತೆ ಮಾತಾಡಬೇಡ, ನಾನು ಫೋನ್ ಮಾಡಿದರೆ ಎತ್ತಬೇಡ. ಆದರೆ ಇದು ನಿನ್ನ ಕೈಗೆ ಬಂದ ಮೇಲೆ ಒಂದು ದಿನ ತವರಿನ ನಂಬರಿನಿಂದ ಫೋನ್ ಬರುತ್ತದೆ. ಅದು ನಿನ್ನ ಅಮ್ಮ, ಶಮೀಮಾ. ಎತ್ತು.